ಬೇರೆಯವರ ನಕ್ಷೆಗೆ ಜೀವ ತೇಯ್ದ ಸ್ಥಪತಿ

ವಾರಾಂತ್ಯಕ್ಕೆ ಮೈಸೂರಿಗೆ ಹೊರಟ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಎಷ್ಟೋ ಮಂದಿ ಮೆಜೆಸ್ಟಿಕ್ ಕಡೆ ತಲೆಹಾಕುವುದೇ ಇಲ್ಲ. ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸನ್ನೋ ಕೆಂಗೇರಿಯಲ್ಲಿ ರೈಲನ್ನೋ ಹತ್ತಿಬಿಡುತ್ತಾರೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿದವರ ಪಟ್ಟಿಯಲ್ಲಿ ಸೇಂಟ್ ಫಿಲೋಮಿನಾ ಚರ್ಚ್ ಇದ್ದೇ ಇರುತ್ತದೆ. ಅದರ ಅವಳಿ ಗೋಪುರಗಳಿಗೆ ಜರ್ಮನಿಯ ಕಲೋನ್ ಕೆಥೆಡ್ರಲ್ ಸ್ಫೂರ್ತಿ ಎಂಬ ಮಾತನ್ನೂ ಅಲ್ಲಿ ಕೇಳಿರುತ್ತಾರೆ. ಆದರೆ ಅರ್ಧಕ್ಕೇ ನಿಂತಿದ್ದ ಕಲೋನಿನ ಆ ಕಟ್ಟಡಕ್ಕೆ ಬದುಕಿನ 28 ವರ್ಷಗಳನ್ನು ಕೊಟ್ಟ ಅರ್ನ್‌ಸ್ಟ್ ಫ್ರೀಡ್ರಿಷ್ ಟ್ಸ್ವಿರ್ನರ್ ಎಂಬ ಸ್ಥಪತಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಇದು ನನಗೆ ಅನ್ಯಾಯವೆಂದೇ ಅನ್ನಿಸುತ್ತದೆ.

ಕಲೋನಿನಲ್ಲಿ ಕೆಲಸ ಶುರುವಾದದ್ದು 1248ರಲ್ಲಿ. ಹೊಯ್ಸಳರ ಶಿಲ್ಪಿಗಳು ನಮ್ಮಲ್ಲಿ ಸೋಮನಾಥಪುರದ ಗುಡಿ ಕಟ್ಟುತ್ತಿದ್ದ ಶತಮಾನವದು. ಮುನ್ನೂರು ವರ್ಷ ಎದ್ದುಬಿದ್ದು ನಡೆದ ಕೆಲಸ ಹದಿನಾರನೆಯ ಶತಮಾನದಲ್ಲಿ ನಿಂತೇಹೋಯಿತು. ಆಗ ಮುಗಿದಿದ್ದದ್ದು ಪೂರ್ವದ ತುದಿಯ ಗಾಯಕವೃಂದದ ಭಾಗ ಮಾತ್ರ. ದಕ್ಷಿಣ ಗೋಪುರ ಮೊಂಡಾಗಿ ನಿಂತಿತ್ತು. ಅದರ ನೆತ್ತಿಯ ಮೇಲೆ, ಕಲ್ಲೆತ್ತಲು ಇಟ್ಟಿದ್ದ ಮರದ ಕ್ರೇನು ತಲೆಮಾರುಗಳ ಕಾಲ ಹಾಗೇ ಉಳಿದು ಊರಿನ ಗುರುತೇ ಆಗಿಹೋಯಿತು. ಹಳೇಬೀಡಿನ ಹೊಯ್ಸಳೇಶ್ವರನ ಮುಂದೆ ನಿಂತು, ಶಿಖರವಿಲ್ಲದ ಆ ಮಟ್ಟಸ ನೆತ್ತಿಯನ್ನು ನೋಡಿದವರಿಗೆ ಕಲೋನಿನ ಜನರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

1814ರಲ್ಲಿ ಡಾರ್ಮ್‌ಸ್ಟಾಟ್ ಊರಿನಲ್ಲಿ ಮಧ್ಯಯುಗದ ಚರ್ಮಪತ್ರದ ನಕ್ಷೆಯೊಂದು ಸಿಕ್ಕಿತು. ಅದು ಕಲೋನಿನ ಪಶ್ಚಿಮ ಮುಖದ ಅರ್ಧ ಭಾಗ. ಅದರ ಮೇಲೆ ಅವರೆಕಾಳಿನಂಥ ಕಾಳು ಒಣಹಾಕುತ್ತಿದ್ದರೆಂದು ಕಥೆ ಹೇಳುತ್ತಾರೆ. ಎರಡು ವರ್ಷದಲ್ಲಿ ಉಳಿದರ್ಧ ಪ್ಯಾರಿಸ್‌ನಲ್ಲಿ ಪತ್ತೆಯಾಯಿತು. ಎರಡೂ ಸೇರಿದರೆ ನಾಲ್ಕು ಮೀಟರಿಗೂ ಎತ್ತರ. ಗೋಪುರ ತುದಿಮುಟ್ಟುವವರೆಗಿನ ಒಂದೊಂದು ಕಮಾನೂ ಅದರಲ್ಲಿ ಗೆರೆ ಗೆರೆಯಾಗಿ ಮೂಡಿತ್ತು.

ಟ್ಸ್ವಿರ್ನರ್ ಹುಟ್ಟಿದ್ದು 1802ರಲ್ಲಿ, ಸೈಲೇಷಿಯಾದ ಯಾಕೋಬ್ಸ್‌ವಾಲ್ಡ್ ಎಂಬಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಬರ್ಲಿನ್‌ನಲ್ಲಿ ಹೆಸರಾಂತ ಸ್ಥಪತಿ ಶಿಂಕೆಲ್ ಕೈಕೆಳಗೆ ಪಳಗಿದ ಆತ 1833ರಲ್ಲಿ ಕಲೋನಿಗೆ ಬಂದ. ಒಪ್ಪಿಸಿದ್ದು ಹಳೆಯ ಭಾಗದ ರಿಪೇರಿ ಕೆಲಸ. ಅವನ ಮನಸ್ಸಿನಲ್ಲಿದ್ದದ್ದೇ ಬೇರೆ: ಮಧ್ಯಯುಗದವರು ಬಯಸಿದ್ದಂತೆಯೇ ಇಡೀ ಕಟ್ಟಡವನ್ನು ಪೂರ್ತಿ ಮಾಡಬೇಕು. ಖರ್ಚು ಉಳಿಸಲು ರೂಪವನ್ನು ಸರಳಗೊಳಿಸೋಣವೆಂಬ ಯೋಚನೆ ಸ್ವತಃ ಗುರುವಿಗಿತ್ತು. ಶಿಷ್ಯ ಮಣಿಯಲಿಲ್ಲ. 1842ರ ಸೆಪ್ಟೆಂಬರ್ 4ರಂದು ಪ್ರಷ್ಯಾದ ದೊರೆ ನಾಲ್ಕನೆಯ ಫ್ರೀಡ್ರಿಷ್ ವಿಲ್‌ಹೆಲ್ಮ್ ಮುಂದಿನ ಕೆಲಸಕ್ಕೆ ಅಡಿಗಲ್ಲು ಹಾಕಿದ. ದೊರೆ ಪ್ರಾಟೆಸ್ಟಂಟ್, ಚರ್ಚು ಕ್ಯಾಥೊಲಿಕರದ್ದು. ಸರ್ಕಾರದ ಹಣದ ಜೊತೆಗೆ ನಾಗರಿಕರದೇ ಸಂಘವೊಂದು ಊರೂರಿನಿಂದ ಚಂದಾ ಎತ್ತಿತು.

ನನ್ನ ಲೆಕ್ಕದಲ್ಲಿ ಟ್ಸ್ವಿರ್ನರ್‌ನ ದೊಡ್ಡ ಸಾಧನೆ ಕಲ್ಲುಕುಟಿಗರ ಕಾರ್ಖಾನೆ. ಮರೆತೇಹೋಗಿದ್ದ ಗಾಥಿಕ್ ಕಲ್ಲುಕೆಲಸವನ್ನು ಅಲ್ಲಿ ಉಳಿ ಹಿಡಿಸಿಯೇ ಕಲಿಸಲಾಯಿತು. ಮುಂದೆ ವಿಯೆನ್ನಾದ ನಗರಸಭಾ ಭವನ ಕಟ್ಟಿದ ಫ್ರೀಡ್ರಿಷ್ ಷ್ಮಿಟ್, ಲಿಂಜ್‌ನ ಹೊಸ ಕೆಥೆಡ್ರಲ್ ರೂಪಿಸಿದ ವಿನ್ಸೆಂಟ್ಸ್ ಸ್ಟಾಟ್ಸ್ ಇಬ್ಬರೂ ಅಲ್ಲಿ ಕೈ ಪಳಗಿಸಿಕೊಂಡವರು. ಹಾಗೆಂದು ಆತ ಹಳೆಯದಕ್ಕೆ ಕಣ್ಮುಚ್ಚಿ ಜೋತುಬಿದ್ದವನಲ್ಲ. ಮೇಲ್ಛಾವಣಿಗೆ ಮರದ ತೊಲೆಗಳ ಬದಲು ಕಬ್ಬಿಣದ ಹಂದರ ಹೂಡಿದ; ಕೆಳಗೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೆಥೆಡ್ರಲ್‌ಗೆ 14 ಬಾಂಬುಗಳು ಬಿದ್ದವು. ಹೊತ್ತಿ ಉರಿಯಲು ಮರದ ಛಾವಣಿಯಿರಲಿಲ್ಲ, ಕಟ್ಟಡ ನಿಂತಿತು.

ಅವನ ಸ್ವಂತ ಕೃತಿಗಳೂ ಇವೆ. ರೈನ್ ನದಿಯ ದಡದ ರೆಮಾಗೆನ್‌ನಲ್ಲಿ ಅಪೊಲಿನಾರಿಸ್ ಚರ್ಚು ಕಟ್ಟಿದ. ಕಲೋನಿನ ಗ್ಲೊಕೆನ್‌ಗಾಸೆ ಬೀದಿಯಲ್ಲಿ ಯೆಹೂದ್ಯರಿಗೆ ಮೂರಿಷ್ ಶೈಲಿಯ ಸಿನಗಾಗ್ ಕಟ್ಟಿಕೊಟ್ಟ. ಅದು 1861ರಲ್ಲಿ ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟ್ಸ್ವಿರ್ನರ್ ತೀರಿಕೊಂಡ. ಆ ಸಿನಗಾಗನ್ನು 1938ರ ನವೆಂಬರ್‌ನಲ್ಲಿ ನಾಜಿಗಳು ನಾಶ ಮಾಡಿದರು.

ಕೆಥೆಡ್ರಲ್ ಕೆಲಸವನ್ನು ರಿಷಾರ್ಡ್ ಫೋಯ್ಗ್‌ಟೆಲ್ ಮುಂದುವರಿಸಿ 1880ರಲ್ಲಿ ಮುಗಿಸಿದ. ಗೋಪುರಗಳು 157 ಮೀಟರ್ ಏರಿದ್ದವು. ನಾಲ್ಕು ವರ್ಷ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಪುಟ್ಟ ಚರ್ಚು 1843ರದ್ದು, ಕಲೋನಿನ ಎರಡನೆಯ ಅಡಿಗಲ್ಲಿನ ಮರುವರ್ಷದ್ದು. ಅದೇ ಜಾಗದಲ್ಲಿ ಈಗಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟರು. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ಟಿ. ತಂಬುಚೆಟ್ಟಿಯವರು ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ತರಿಸಿಕೊಟ್ಟಿದ್ದರು. ನಕ್ಷೆ ಬರೆದವನು ಡಾಲಿ ಎಂಬ ಫ್ರೆಂಚ್ ಸ್ಥಪತಿ. ಗೋಪುರಗಳ ಎತ್ತರ 175 ಅಡಿ, ಕಲೋನಿನವಕ್ಕೆ ಹೋಲಿಸಿದರೆ ಸುಮಾರು ಮೂರರಲ್ಲೊಂದು ಪಾಲು. ಅಷ್ಟಾದರೂ ಮೇಲೇರುತ್ತಾ ಸಣ್ಣಗಾಗುವ ಆ ನಿಲುವು, ಚೂಪು ಕಮಾನು, ತುದಿಯ ಶಿಲುಬೆ ನೋಡಿದರೆ ವಂಶ ಯಾವುದೆಂದು ಗೊತ್ತಾಗುತ್ತದೆ.

ಅತ್ತ ಕಲೋನಿನಲ್ಲಿ, ಟ್ಸ್ವಿರ್ನರ್ ಕಾಲದಲ್ಲಿ ತರಿಸಿದ ಶ್ಲೈಟ್‌ಡಾರ್ಫ್ ಗಣಿಯ ಮರಳುಗಲ್ಲು ನಗರದ ಹೊಗೆಗೆ, ಮಳೆಗೆ ತಡೆಯಲಿಲ್ಲ. ಅಲ್ಲಲ್ಲಿ ಪುಡಿಯಾಗಿ ಉದುರುತ್ತಾ ಬಂದಿದೆ. ಅವನು ಮತ್ತೆ ಕಟ್ಟಿ ನಿಲ್ಲಿಸಿದ ಕಲ್ಲುಕುಟಿಗರ ಕಾರ್ಖಾನೆ ಇಂದಿಗೂ ಕೆಥೆಡ್ರಲ್ ಪಕ್ಕದಲ್ಲೇ ಇದೆ. ಅದರ ಕುಶಲಕರ್ಮಿಗಳು ಸವೆದ ಕಲ್ಲನ್ನು ಬಿಡಿಸಿ ತೆಗೆದು, ಅದೇ ಅಳತೆಯ ಹೊಸ ಕಲ್ಲು ಕೆತ್ತಿ ಕೂರಿಸುತ್ತಿದ್ದಾರೆ.