ಇಡೀ ಮನೆಗೆ ಒಂದೇ ಕಾವಲು
‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಅನ್ನೋ ಜಾಹೀರಾತನ್ನು ಹಾಸ್ಟೆಲಲ್ಲಿರೋ ನಾವು ಒತ್ತಲ್ಲ. ಊರಲ್ಲಿರೋ ಅಮ್ಮ ಒತ್ತಬಹುದು. ಒಂದೊಂದು ಫೋನಿಗೂ ಬ್ಲಾಕರ್ ಹಾಕೋ ಬದಲು ನಾವು ಮನೆಯ ಡಿಎನ್‌ಎಸ್‌ಗೇ ಕೈ ಹಾಕಿದೆವು.

ಹಳೇ ರಾಸ್ಪ್‌ಬೆರಿ ಪೈ ಮೇಲೆ ಪೈ-ಹೋಲ್. 512 ಎಂಬಿ ರ‍್ಯಾಮ್ ಸಾಕು. ಪಟ್ಟಿಯಲ್ಲಿರುವ ಜಾಹೀರಾತು ಸರ್ವರಿನ ವಿಳಾಸವನ್ನು ಫೋನು ಕೇಳಿದರೆ ಇದು 0.0.0.0 ಅನ್ನುತ್ತೆ, ಅಲ್ಲಿಗೆ ಮುಗೀತು. ಪೈಗೆ ಬದಲಾಗದ ಐಪಿ ಕೊಟ್ಟು, ರೂಟರಿನ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಅಂತ ಅದನ್ನೇ ಬರೆಯಿರಿ. ಎರಡನೇ ಜಾಗಕ್ಕೆ ‘ಇರಲಿ’ ಅಂತ 8.8.8.8 ಹಾಕಬೇಡಿ. ಮೊದಲನೆಯದು ಕೆಟ್ಟಾಗಲೇ ಅದನ್ನು ಕೇಳಬೇಕು ಅಂತೇನಿಲ್ಲ. ಎಷ್ಟೋ ಸಾಧನಗಳು ಎರಡನ್ನೂ ಕೇಳುತ್ತವೆ. ಹಿಂಬಾಗಿಲು ತೆರೆದಿಟ್ಟ ಹಾಗೆ.

ಯೂಟ್ಯೂಬ್ ಜಾಹೀರಾತು ಮಾತ್ರ ಹೋಗಲ್ಲ, ವಿಡಿಯೊ ಬರುವ ಸರ್ವರಿನಿಂದಲೇ ಅದೂ ಬರುತ್ತೆ.

ಪೈ ಆಫ್ ಆದರೆ ಇಡೀ ಮನೆಗೆ ನೆಟ್ ಹೋದಂತೆಯೇ. ರಜೆ ಮುಗಿಸಿ ಹೊರಡೋ ಮುಂಚೆ ಅದರ ಪ್ಲಗ್ ಯಾವುದು ಅಂತ ಅಮ್ಮನಿಗೆ ತೋರಿಸಿ.