ಪ್ರಖರ ಬೆಳಕಿನಲ್ಲಿ ಹರಿತ್ಕಣಗಳ ಚಲನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಕೆ ತೋಟಗಳಲ್ಲಿ ಎಳೆಯ ಸಸಿಗಳಿಗೆ ಬಾಳೆಯ ನೆರಳನ್ನು ಒದಗಿಸುವುದು ಕೃಷಿಕರ ರೂಢಿ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಕೆ ಸಂಶೋಧನಾ ಕೇಂದ್ರ ಸ್ಥಾಪಿತವಾಗುವುದಕ್ಕೆ ಬಹು ಮೊದಲೇ ಈ ರೂಢಿಯಿತ್ತು. ಅಡಕೆಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ವೀಳ್ಯದೆಲೆಗಳ ಬಳ್ಳಿಗಳೂ ಸೋಗೆಗಳ ನಡುವೆ ಇಳಿದ ಬೆಳಕಿನಲ್ಲಿಯೇ ಬೆಳೆಯುತ್ತವೆ. ಬೆಳಕೇ ಸಸ್ಯದ ಆಹಾರಕ್ಕೆ ಮೂಲವೆಂದ ಮೇಲೆ ಅದನ್ನು ಮರೆಮಾಡುವುದೇಕೆ? ಮರೆಯಿಲ್ಲದೆಡೆ ಎಲೆಯು ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ? ಈ ಎರಡನೆಯ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯ.

ಎಲೆಯ ಜೀವಕೋಶಗಳಲ್ಲಿ ಪತ್ರಹರಿತ್ತನ್ನು ಧರಿಸಿದ ಕ್ಲೋರೋಪ್ಲಾಸ್ಟ್ ಎಂಬ ಹಸುರು ಕಣಗಳಿವೆ. ಇವುಗಳನ್ನು ಹರಿತ್ಕಣಗಳೆನ್ನೋಣ. ಬೆಳಕು ಮಂದವಾಗಿರುವಾಗ ಇವು ಅದಕ್ಕೆ ಎದುರಾದ ಕೋಶಭಿತ್ತಿಯ ಮೇಲೆ ಹರಡಿಕೊಂಡು ಸಾಧ್ಯವಾದಷ್ಟನ್ನೂ ಹೀರುತ್ತವೆ. ಬೆಳಕು ಪ್ರಖರವಾದೊಡನೆ ಪಕ್ಕದ ಭಿತ್ತಿಗಳತ್ತ ಸರಿಯತೊಡಗಿ, ಒಂದರ ಮರೆಯಲ್ಲಿ ಇನ್ನೊಂದು ನಿಲ್ಲುತ್ತವೆ. ಆಗ ಹೆಚ್ಚು ಬೆಳಕು ಎಲೆಯನ್ನು ಹಾದುಹೋಗುವುದರಿಂದ ಎಲೆ ತುಸು ಮಸುಕಾಗಿ ತೋರುತ್ತದೆ. ಈ ಚಲನೆಗೆ ಹತ್ತಾರು ನಿಮಿಷಗಳು ಹಿಡಿಯುತ್ತವೆ.

ಬೆಳಕಿಗೆ ಹರಿತ್ಕಣಗಳು ಸ್ಥಾನ ಬದಲಿಸುವುದನ್ನು ಬೋಮ್ ಎಂಬ ವಿಜ್ಞಾನಿ 1856ರಲ್ಲಿ ವರದಿ ಮಾಡಿದನು. ಸ್ವಿಟ್ಜರ್ಲೆಂಡಿನ ಗುಸ್ಟಾಫ್ ಸೆನ್ 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನೇಕ ಸಸ್ಯಗಳಲ್ಲಿನ ಈ ಚಲನೆಯನ್ನು ವಿವರಿಸಿದನು. ಆದರೆ ಬೆಳಕನ್ನು ಗುರುತಿಸುವ ಅಂಗ ಯಾವುದೆಂಬುದು ತಿಳಿದುದು 2001ರಲ್ಲಿ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಫೋಟೋಟ್ರೋಪಿನ್-2 ಎಂಬ ಪ್ರೋಟೀನು ನೀಲಿ ಬೆಳಕಿನ ಪ್ರಖರತೆಯನ್ನರಿತು ಈ ಚಲನೆಯನ್ನು ಪ್ರೇರಿಸುವುದೆಂದು ಎರಡು ತಂಡಗಳು ತೋರಿಸಿದವು. ಕಣಗಳನ್ನು ಸರಿಸುವ ಕಾರ್ಯದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಸೂಕ್ಷ್ಮ ಎಳೆಗಳು ಪಾಲ್ಗೊಳ್ಳುತ್ತವೆ.

ಇದರ ಪ್ರಯೋಜನವು ನಿಸ್ಸಂದೇಹವಾದುದು ಮರುವರ್ಷ. ಸರಿಯುವ ಶಕ್ತಿಯನ್ನು ಕಳೆದುಕೊಂಡ ಗಿಡಗಳನ್ನು ಜಪಾನಿನ ಮಸಾಮಿತ್ಸು ವಾಡ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ತೀವ್ರ ಬೆಳಕಿಗೊಡ್ಡಿದಾಗ ಅವುಗಳ ಎಲೆಗಳು ಸಾಮಾನ್ಯ ಗಿಡಗಳ ಎಲೆಗಳಿಗಿಂತ ಹೆಚ್ಚು ಹಾನಿಗೊಂಡವು. ದ್ಯುತಿಸಂಶ್ಲೇಷಣೆಗೆ ಬಳಸಿ ಮಿಕ್ಕ ಶಕ್ತಿಯು ಆಮ್ಲಜನಕದ ವಿನಾಶಕಾರಿ ರೂಪಗಳನ್ನು ಹುಟ್ಟಿಸಿ ಕೋಶವನ್ನೇ ಕೆಡಿಸಬಲ್ಲದು. ಮೊದಲ ಅವಲೋಕನಕ್ಕೂ ಈ ನಿರ್ಣಯಕ್ಕೂ ನಡುವೆ 146 ವರ್ಷಗಳು ಸಂದಿದ್ದವು. ಕಣ್ಣಿಗೆ ಕಂಡ ಸಂಗತಿಗೂ ಅದರ ಕಾರಣಕ್ಕೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಈ ರಕ್ಷಣೆಗೂ ಮಿತಿಯುಂಟು. ನೆರಳಿನಲ್ಲಿ ಬೆಳೆದ ಎಲೆಗಳಲ್ಲಿ ಹರಿತ್ಕಣಗಳಿಗೆ ಸರಿಯಲು ಎಡೆಯಿರುತ್ತದೆ. ಬಿಸಿಲಿನಲ್ಲಿಯೇ ಬೆಳೆದ ಎಲೆಗಳಲ್ಲಾದರೋ ಕೋಶಗಳು ಕಿರಿದಾಗಿ, ಕಣಗಳು ಒತ್ತೊತ್ತಾಗಿರುವುದರಿಂದ ಚಲನೆ ಕಡಮೆ. ಅಂತಹ ಎಲೆಗಳು ದಪ್ಪವಾಗಿ, ಬಿಸಿಲನ್ನು ಬೇರೆ ರೀತಿಯಲ್ಲಿ ಸಹಿಸುತ್ತವೆ. ನೆರಳಿನ ಎಲೆಗೆ ಒಮ್ಮೆಲೇ ಇಡೀ ದಿನದ ಬಿಸಿಲು ಬಿದ್ದರೆ ಹರಿತ್ಕಣಗಳು ಸರಿದುದರಿಂದ ಮಾತ್ರವೇ ರಕ್ಷಣೆ ಸಾಲದು.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ನೆರಳಿನಲ್ಲಿ ಬೆಳೆದ ಗಿಡದ ತೆಳುವಾದ ಎಲೆಯೊಂದನ್ನು ಕಪ್ಪು ಕಾಗದದಿಂದ ಮುಚ್ಚಿ, ನಡುವೆ ಒಂದು ಸೀಳನ್ನು ಬಿಟ್ಟು, ಸುಮಾರು ಒಂದು ಗಂಟೆ ಬಿಸಿಲಿಗಿಡಬೇಕು. ಬಳಿಕ ಬೆಳಕಿಗೆ ಹಿಡಿದು ನೋಡಿದರೆ ಸೀಳಿನ ಭಾಗ ಮಸುಕಾಗಿರುವುದು ಕಾಣಬಹುದು. ನೆರಳಿಗೆ ತಂದ ಕೆಲವು ಗಂಟೆಗಳಲ್ಲಿ ಹಸುರು ಮರಳಿದರೆ ಅದು ಹರಿತ್ಕಣಗಳ ಚಲನೆ. ಮರಳದೆ ಕಂದಿದರೆ ಅದು ಸುಟ್ಟ ಗಾಯ. ತೋಟದ ನೆರಳನ್ನು ಹಂತಹಂತವಾಗಿ ಕಡಮೆ ಮಾಡುವ ವಿವೇಕಕ್ಕೆ ಆಧಾರವಾಗಿರುವುದು ಈ ವ್ಯತ್ಯಾಸವೇ.