ನಿಮಗಿದು ಗೊತ್ತೇ? ಲೋಕ ಮುಳುಗಿದ ಮೇಲಿನ ಅಲೆಮಾರಿ

ಅರಸೀಕೆರೆ ಬಳಿಯ ಹಾರನಹಳ್ಳಿ ಎಂದರೆ ಹಲವರಿಗೆ ಮೊದಲು ನೆನಪಾಗುವುದು ಕೋಡಿಮಠ. ಮಳೆ, ಬರ, ಪ್ರಳಯದ ಬಗ್ಗೆ ಅಲ್ಲಿಂದ ಬರುವ ಭವಿಷ್ಯವಾಣಿ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಲೇ ಇರುತ್ತದೆ. ಅದೇ ಊರಿನಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವೂ ಇದೆ. ನರಸಿಂಹ ನಾಲ್ಕನೆಯ ಅವತಾರ. ಹತ್ತನೆಯವನು ಕಲಿಯುಗ ಮುಗಿಸಲು ಕುದುರೆಯೇರಿ ಬರುವ ಕಲ್ಕಿ.

2024ರ ಡಿಸೆಂಬರ್ 20ರಂದು ತೆರೆಕಂಡ ‘ಯುಐ’ ಚಿತ್ರದಲ್ಲಿ ಸತ್ಯ ಮತ್ತು ಕಲ್ಕಿ, ಎರಡೂ ಪಾತ್ರ ಉಪೇಂದ್ರ ಅವರದೇ. ‘ಉಪ್ಪಿ 2’ (2015) ಆದಮೇಲೆ ಅವರು ನಿರ್ದೇಶಿಸಿದ ಮೊದಲ ಚಿತ್ರವಿದು. ಬಿಡುಗಡೆಗೆ ಮುನ್ನ ಬಂದ ‘ವಾರ್ನರ್’ ತುಣುಕಿನಲ್ಲಿ ಕಾಣುವುದು 2040ರ ಪಾಳುಬಿದ್ದ ಜಗತ್ತು.

ಇದೇ ನಿರ್ದೇಶಕರು 2010ರಲ್ಲಿ ‘ಸೂಪರ್’ ಮಾಡಿದಾಗ ತೋರಿಸಿದ್ದು 2030ರ ಸಮೃದ್ಧ ಭಾರತವನ್ನು! ಒಬ್ಬನೇ ಕನಸುಗಾರ ಹದಿನಾಲ್ಕು ವರ್ಷಗಳಲ್ಲಿ ಹೊನ್ನಿನ ನಾಳೆಯಿಂದ ಹಸಿವಿನ ನಾಳೆಗೆ ಬಂದದ್ದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಬೇಕು.

ಬುದ್ಧಿವಂತರಾದರೆ ಈಗಲೇ ಎದ್ದುಹೋಗಿ ಎಂಬರ್ಥದ ಸೂಚನೆ ‘ಯುಐ’ ಆರಂಭದಲ್ಲೇ ತೆರೆಯ ಮೇಲೆ ಬರುತ್ತದೆ. ಕೆಲವರು ಮೆಚ್ಚಿದರು, ಕೆಲವರಿಗೆ ತಲೆಬುಡ ತಿಳಿಯಲಿಲ್ಲ. ಉಪೇಂದ್ರ ಅವರದೇ 1998ರ ‘ಎ’ ಚಿತ್ರವನ್ನೂ ಅರ್ಥ ಮಾಡಿಕೊಳ್ಳಲು ಜನ ಮತ್ತೆ ಟಿಕೆಟ್ ಕೊಂಡಿದ್ದರು.

ಪಾಳು ಜಗತ್ತಿನ ಒಂಟಿ ಅಲೆಮಾರಿ ಎಂದರೆ ಸಿನಿಮಾಪ್ರಿಯರಿಗೆಲ್ಲ ನೆನಪಾಗುವವನು ಮ್ಯಾಡ್ ಮ್ಯಾಕ್ಸ್. ಅವನನ್ನು ಸೃಷ್ಟಿಸಿದ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್ ಓದಿದ್ದು ವೈದ್ಯಕೀಯ. ಆಸ್ಪತ್ರೆಯಲ್ಲಿ ದುಡಿಯುವಾಗ ರಸ್ತೆ ಅಪಘಾತದ ಗಾಯಾಳುಗಳನ್ನು ಕಣ್ಣಾರೆ ಕಂಡವರು. 1979ರ ಮೊದಲ ಚಿತ್ರ ಅಮೆರಿಕಕ್ಕೆ ಹೋದಾಗ ಮಾತುಗಳಿಗೆ ಅಮೆರಿಕನ್ ಉಚ್ಚಾರದಲ್ಲಿ ಮತ್ತೆ ಡಬ್ಬಿಂಗ್ ಮಾಡಲಾಯಿತು. ಇಂಗ್ಲಿಷಿನಿಂದ ಇಂಗ್ಲಿಷಿಗೆ!

1981ರ ಎರಡನೇ ಭಾಗದಲ್ಲಿ ಪೆಟ್ರೋಲಿಗಾಗಿ ಕೊಲೆಗಳು. 1970ರ ದಶಕದ ತೈಲ ಬಿಕ್ಕಟ್ಟನ್ನು ಕಂಡಿದ್ದ ಪ್ರೇಕ್ಷಕರಿಗೆ ಅದು ಕಟ್ಟುಕಥೆ ಅನ್ನಿಸಲಿಲ್ಲ. ಮ್ಯಾಕ್ಸ್ ಇಡೀ ಚಿತ್ರದಲ್ಲಿ ಆಡುವುದು ಬೆರಳೆಣಿಕೆಯಷ್ಟು ಮಾತು. ಜೊತೆಗಿರುವುದು ಒಂದು ನಾಯಿ. ಬೀಡಾಡಿ ನಾಯಿಗಳ ದೊಡ್ಡಿಯಿಂದ ತಂದ ಆ ನಾಯಿ ಎಂಜಿನ್ ಸದ್ದಿಗೆ ಬೆದರುತ್ತಿತ್ತು. ಅದರ ಕಿವಿಗೆ ಬಿರಡೆ ಇಟ್ಟು ಚಿತ್ರೀಕರಿಸಿದರು. ಸಾವಿರ ಸ್ಫೋಟಗಳಿಗಿಂತ ಈ ಪುಟ್ಟ ಕಾಳಜಿ ನನಗೆ ದೊಡ್ಡದು.

ಇದೇ ಸರಣಿಯ 2015ರ ‘ಫ್ಯೂರಿ ರೋಡ್’ ಚಿತ್ರವನ್ನೂ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲೇ ತೆಗೆಯಬೇಕಿತ್ತು. ಅಲ್ಲಿ ಜೋರು ಮಳೆ ಸುರಿದು ಬೆಂಗಾಡೆಲ್ಲ ಹೂಬಿಟ್ಟಿತು! ಮಳೆಗೆ ಮುಗಿಲು ನೋಡುವ ಅರಸೀಕೆರೆ ಸೀಮೆಯವರಿಗೆ ಇದು ಹಬ್ಬ. ಚಿತ್ರತಂಡ ಮಾತ್ರ ಗಂಟುಮೂಟೆ ಕಟ್ಟಿ ಆಫ್ರಿಕಾದ ನಮೀಬಿಯಾಕ್ಕೆ ಹೋಗಬೇಕಾಯಿತು. ಕೊನೆಗೆ ಆ ಚಿತ್ರಕ್ಕೆ 6 ಆಸ್ಕರ್. ಸಂಕಲನದ ಪ್ರಶಸ್ತಿ ಪಡೆದ ಮಾರ್ಗರೆಟ್ ಸಿಕ್ಸೆಲ್ ಅವರ ಮುಂದೆ ರಾಶಿಬಿದ್ದಿದ್ದು ಸುಮಾರು 480 ಗಂಟೆಗಳ ದೃಶ್ಯ.

ಮ್ಯಾಕ್ಸ್ ಅಲೆದಂಥ ಪಾಳು ನೆಲ ನಮ್ಮಲ್ಲೂ ಇದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಊರ ಸುತ್ತ ಸೈನೈಡ್ ದಿಬ್ಬಗಳಾಗಿವೆ. 2018ರ ‘ಕೆಜಿಎಫ್’ ಚಿತ್ರತಂಡ ಸೆಟ್ ಹಾಕಿದ್ದು ಅಲ್ಲೇ. ಗಾಳಿ ಬೀಸಿದಾಗ ಆ ದೂಳು ಇಂದಿಗೂ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಿಗೆ ನುಗ್ಗುತ್ತದೆ.